ಗೋದಾಬಾಯಿಯ ಕೇಸರಿ ನೀರು

ಗೋದಾಬಾಯಿಯ ಹೆಸರು ಮೊದಲು ನನ್ನ ಕಿವಿಗೆ ಬಿದ್ದದ್ದು ೧೯೯೮ರ ಒಂದು ಕಾರ್ತಿಕ ಸೋಮವಾರ, ವಡಪಳನಿಯ ಒಂದು ಲ್ಯಾಬಿನ ಹಿಂದಿನ ನೀರಿನ ತೊಟ್ಟಿಯ ಹತ್ತಿರ. ರೈಲ್ವೆಯಲ್ಲಿದ್ದ ನನ್ನ ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಪೆರಂಬೂರಿನ ಕ್ವಾರ್ಟರ್ಸ್ ಬಿಟ್ಟು ಸಾಲಿಗ್ರಾಮದ ಒಂದು ಕೋಣೆಗೆ ಬಂದಿದ್ದೆ. ಚಾಮರಾಜನಗರದ ಕಡೆ ಓದಿದ ನಾಲ್ಕನೇ ಕ್ಲಾಸಿಗೆ ಮದ್ರಾಸಿನಲ್ಲಿ ಇನ್ನೇನು ಸಿಗುತ್ತದೆ? ರಕ್ತ ಪರೀಕ್ಷೆ ಮಾಡುವ ಆ ಲ್ಯಾಬಿನಲ್ಲಿ ಗಾಜಿನ ಟ್ಯೂಬು ತೊಳೆಯುವ ಕೆಲಸ ಸಿಕ್ಕಿತು. ಕೆಲಸ ಬಿಟ್ಟು ಹೋಗುತ್ತಿದ್ದ ನಾಗರತ್ನಮ್ಮ ಎಲ್ಲವನ್ನೂ ತೋರಿಸಿಕೊಟ್ಟಳು. ಕೊನೆಗೆ ಮೂಲೆಯಲ್ಲಿ ಬಿಳಿ ಬಟ್ಟೆ ಮುಚ್ಚಿದ್ದ ಮರದ ಸ್ಟ್ಯಾಂಡಿನ ಕಡೆ ಬೆರಳು ಮಾಡಿದಳು.

"ಅದನ್ನ ಮಾತ್ರ ಹೇಳಿದ ಹಾಗೇ ತೊಳೀಬೇಕು ಕಣೆ. ಗೋದಾಬಾಯಿದು ಅದು."

"ಏನದು, ದೇವರ ಪಾತ್ರೆಯಾ?"

"ದೇವರ ಪಾತ್ರೆ ಮುಟ್ಟಿದ್ರೆ ದೇವರು ಸುಮ್ನಿರ್ತಾನೆ. ಇವಳು ಇರಲ್ಲ."

ಬಟ್ಟೆ ಸರಿಸಿ ನೋಡಿದೆ. ಇಪ್ಪತ್ತನಾಲ್ಕು ಟ್ಯೂಬುಗಳು ತಲೆಕೆಳಗಾಗಿ ನಿಂತಿದ್ದವು. ಒಂದೊಂದರ ಕುತ್ತಿಗೆಗೂ ಕೆಂಪು ಬಣ್ಣದ ಉಂಗುರ. ರಕ್ತದಲ್ಲಿ ಫಾಸ್ಫರಸ್ ಎಷ್ಟಿದೆ ಎಂದು ನೋಡುವುದಕ್ಕೆಂದೇ ಮೀಸಲಿಟ್ಟ ಟ್ಯೂಬುಗಳು ಅವು.

ಅಷ್ಟರಲ್ಲಿ ಒಳಗಿನಿಂದ ಗೋದಾಬಾಯಿಯೇ ಬಂದರು. ನನ್ನ ಭುಜದಷ್ಟು ಎತ್ತರದ ಹೆಂಗಸು. ಎರಡು ಕಾಲೂ ಹೊರಕ್ಕೆ ಬಿಲ್ಲಿನಂತೆ ಬಾಗಿದ್ದವು; ನಡೆದರೆ ಅತ್ತಿತ್ತ ತೂಗುತ್ತಿದ್ದರು. ಲ್ಯಾಬಿನ ದೊಡ್ಡ ಟೆಕ್ನೀಷಿಯನ್ ಅವರೇ.

"ಹೊಸಬಳೇನು? ಸೋಪಿನ ಕೈ ತೋರಿಸು."

ತೋರಿಸಿದೆ.

"ಈ ಕೈಯಲ್ಲಿ ನನ್ನ ಟ್ಯೂಬು ಮುಟ್ಟಿದರೆ ಕಂಡಿಪ್ಪಾ, ಖಂಡಿತಾ ಮನೆಗೆ ಕಳಿಸ್ತೀನಿ, ತಿಳೀತಾ?"

ಅವರದು ತಿರುವಲ್ಲಿಕ್ಕೇಣಿಯಲ್ಲಿ ನಾಲ್ಕು ತಲೆಮಾರಿನಿಂದ ಇದ್ದ ಮಾಧ್ವರ ಮನೆ. ಮದುವೆಯಾಗಿರಲಿಲ್ಲ. ಮಡಿಬಟ್ಟೆಯನ್ನು ಕೋಲಿನಲ್ಲಿ ಎತ್ತಿ ತಂತಿಗೆ ಹಾಕುವವರ ಮನೆಯಲ್ಲಿ ಬೆಳೆದವರು ಲ್ಯಾಬಿಗೂ ಅದೇ ಮಡಿಯನ್ನು ತಂದಿದ್ದರು. ಕೆಂಪು ಉಂಗುರದ ಟ್ಯೂಬನ್ನು ಒಂದು ಹಗಲು ಆ್ಯಸಿಡ್ ಬೆರೆಸಿದ ನೀರಿನಲ್ಲಿ ನೆನೆಸಬೇಕು. ಆರು ಸಲ ನಲ್ಲಿಯ ನೀರು, ಮೂರು ಸಲ ಬಟ್ಟಿ ಇಳಿಸಿದ ನೀರು. ಸೋಪು ಸೋಕಬಾರದು, ಒದ್ದೆ ಬಟ್ಟೆಯೂ ಸೋಕಬಾರದು, ಇಕ್ಕಳದಲ್ಲಿ ಎತ್ತಿ ಸ್ಟ್ಯಾಂಡಿಗೆ ಇಡಬೇಕು. ನನಗೆ ಸಿಟ್ಟು ಬರುತ್ತಿತ್ತು. ನಾವು ಲಿಂಗ ಕಟ್ಟಿದವರು. ಇವರ ಮಡಿ ನಮಗ್ಯಾಕೆ ಎಂದು ಗೊಣಗುತ್ತಿದ್ದೆ.

ಒಂದು ದಿನ ಗೊಣಗಿದ್ದು ಅವರಿಗೆ ಕೇಳಿಸಿತು. ಒಳಗೆ ಕರೆದರು. ಕೆಂಪು ಉಂಗುರದ ಟ್ಯೂಬಿಗೆ ಬರೀ ನೀರು ಹಾಕಿ ಔಷಧಿ ಹನಿಸಿದರು. ನೀರು ನೀರಾಗೇ ಇತ್ತು. ಆಮೇಲೆ ನಾನು ಸೋಪಿನ ಪುಡಿಯಲ್ಲಿ ತೊಳೆದ ಬೇರೆ ಟ್ಯೂಬಿಗೂ ಹಾಗೇ ಮಾಡಿದರು. ನೋಡುತ್ತಿದ್ದಂತೆ ನೀರು ನೀಲಿಗೆ ತಿರುಗಿತು.

"ನೀಲಿ ಜಾಸ್ತಿ ಇದ್ರೆ ಫಾಸ್ಫರಸ್ ಜಾಸ್ತಿ. ನಿನ್ನ ಸೋಪಿನ ಪುಡೀಲೂ ಅದೇ ಇರೋದು. ತೊಳೆದು ಎಷ್ಟು ಜಾಲಾಡಿಸಿದರೂ ಗಾಜಿಗೆ ಅಂಟಿಕೊಂಡಿರತ್ತೆ. ಆಗ ಮಿಷನ್ನು ಮನುಷ್ಯನ ರಕ್ತ ಬಿಟ್ಟು ನಿನ್ನ ಸೋಪನ್ನ ಅಳೆಯತ್ತೆ. ಇದು ಮಡಿ ಅಲ್ಲ ಶಿವಲಿಂಗಮ್ಮ. ಮಡಿಗೆ ಭಂಗ ಬಂದರೆ ಸ್ನಾನ ಮಾಡಬಹುದು. ಇದಕ್ಕೆ ಭಂಗ ಬಂದರೆ ಯಾರದೋ ಮೂಳೆ ಹೋಗತ್ತೆ."

ಆಮೇಲೆ ಸೀರೆಯನ್ನು ಗೇಣುದ್ದ ಎತ್ತಿ ತಮ್ಮ ಕಾಲು ತೋರಿಸಿದರು. ಚಿಕ್ಕಂದಿನಲ್ಲಿ ಕಾಲು ಬಾಗತೊಡಗಿದಾಗ ಡಾಕ್ಟರು ಮೀನೆಣ್ಣೆ ಬರೆದುಕೊಟ್ಟರಂತೆ. ಮಾಧ್ವರ ಮನೆಯ ಹಿತ್ತಲಲ್ಲಿ, ಮೂಗು ಹಿಡಿದು, ನಾಲ್ಕು ವರ್ಷ ಕುಡಿಸಿದರಂತೆ. ಕಾಲು ಬಾಗುತ್ತಲೇ ಹೋಯಿತು. ಅವರ ರಕ್ತದಲ್ಲಿ ಫಾಸ್ಫರಸ್ ನಿಲ್ಲುತ್ತಿರಲಿಲ್ಲ, ಮೂತ್ರದಲ್ಲಿ ಹರಿದುಹೋಗುತ್ತಿತ್ತು. ಅದನ್ನು ಯಾರೂ ಅಳೆದು ನೋಡಿರಲಿಲ್ಲ.

"ಈ ಪರೀಕ್ಷೆ ಕಲಿತ ದಿನ ಮೊದಲು ಹಾಕಿದ್ದು ನನ್ನ ರಕ್ತಾನೇ. ಇಪ್ಪತ್ತೆರಡು ವರ್ಷ ನನಗಾಗ. ಒಂದು ಚೂರೂ ನೀಲಿ ಬರಲಿಲ್ಲ ಅಂತ ಹೇಳಬಹುದು. ಕೂತು ಅತ್ತುಬಿಟ್ಟೆ. ಒಂದು ಟ್ಯೂಬು, ಹತ್ತು ನಿಮಿಷ. ಅಷ್ಟು ಯಾರೂ ಮಾಡಲಿಲ್ಲವಲ್ಲಾ ಅಂತ."

ಆ ದಿನದಿಂದ ನಾನು ಗೊಣಗಲಿಲ್ಲ.

ಲ್ಯಾಬಿನ ಯಜಮಾನ ವಿಶ್ವನಾಥ. ಸೇಲಂ ಕಡೆಯವನು, ಮನೆಮಾತು ಕನ್ನಡ, ಆಡುತ್ತಿದ್ದದ್ದು ಅರ್ಧ ತಮಿಳು. ನಗುನಗುತ್ತಾ ಮಾತಾಡುವವನು. ಗೋದಾಬಾಯಿಗೆ ಎದುರಿಗೆ ಮೇಡಂ, ಹಿಂದೆ ಮಡಿ ಮಾಮಿ. ೨೦೦೦ನೇ ಇಸವಿ ಆಗಸ್ಟಿನಲ್ಲಿ ಗೋದಾಬಾಯಿ ರಾಯರ ಆರಾಧನೆಗೆಂದು ಮಂತ್ರಾಲಯಕ್ಕೆ ಹತ್ತು ದಿನ ರಜೆ ಹಾಕಿದರು. ರಜೆಗೆ ಹೋಗುವ ಮುಂಚೆ ಖಾಲಿ ರಿಪೋರ್ಟು ಹಾಳೆಗಳಿಗೆ ಸಹಿ ಹಾಕಿಟ್ಟು ಹೋಗುವುದು ಆ ಲ್ಯಾಬಿನ ವಾಡಿಕೆ. ಅವರ ಸಹಿ ಇಲ್ಲದ ರಿಪೋರ್ಟನ್ನು ಡಾಕ್ಟರುಗಳು ನಂಬುತ್ತಿರಲಿಲ್ಲ. ಇಪ್ಪತ್ತು ಹಾಳೆಗೆ ಸಹಿ ಹಾಕಿದರು. "ನಾನು ಬರೋವರೆಗೂ ಫಾಸ್ಫರಸ್ ಮಾತ್ರ ಮಾಡಬೇಡಿ" ಎಂದು ಎರಡು ಸಲ ಹೇಳಿದರು. ವಿಶ್ವನಾಥ ಎರಡು ಸಲವೂ ತಲೆಯಾಡಿಸಿದ.

ಮಾರನೆಯ ದಿನ ನನ್ನನ್ನು ಕರೆದ.

"ಆಯಮ್ಮಾ, ಆ ಆ್ಯಸಿಡ್ ತೊಂದರವು ಇನ್ಮೇಲೆ ಬೇಡ. ಎಲ್ಲಾ ಟ್ಯೂಬೂ ಒಂದೇ ತೊಟ್ಟೀಲಿ ಹಾಕಿ, ಸೋಪಿನ ಪುಡೀಲಿ ತೊಳೆದುಬಿಡಿ. ಬೇಗ ಮುಗೀತದೆ."

"ಗೋದಾಬಾಯೋರು ಬೈತಾರೆ ಸಾಮಿ."

"ಲ್ಯಾಬು ನಂದಾ, ಅವರದಾ? ಅವರಿಗೆ ಹೇಳಕೂಡದು. ಹೇಳಿದ್ರೆ ನಾಳೆಯಿಂದ ಬರಬೇಡಿ."

ನೀರು ನೀಲಿಯಾದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ತೊಳೆದೆ. ಇಪ್ಪತ್ತನಾಲ್ಕನ್ನೂ ಸೋಪಿನಲ್ಲಿ ತೊಳೆದು, ಮೊದಲಿನ ಹಾಗೇ ಸ್ಟ್ಯಾಂಡಿಗೆ ಹಾಕಿ, ಮೇಲೆ ಬಿಳಿ ಬಟ್ಟೆ ಮುಚ್ಚಿದೆ. ಆ ಹತ್ತು ದಿನದಲ್ಲಿ ಫಾಸ್ಫರಸ್ ಪರೀಕ್ಷೆಗೆ ಬಂದದ್ದು ಒಂದೇ ಒಂದು. ಅಂಬತ್ತೂರಿನಿಂದ ಒಬ್ಬ ತಂದೆ ಹೆಗಲ ಮೇಲೆ ಕೂರಿಸಿಕೊಂಡು ಬಂದ ಮೂರು ವರ್ಷದ ಹೆಣ್ಣುಮಗು, ನವ್ಯಾ. ಹೊಸ ಟೆಕ್ನೀಷಿಯನ್ ವಿಘ್ನೇಶ್ ರಕ್ತ ತೆಗೆದ. ಮಗು ಬೆಂಚಿನಿಂದ ಇಳಿದು ನಡೆದಾಗ ಅದರ ಕಾಲು ನೋಡಿದೆ. ಗೋದಾಬಾಯಿಯ ಕಾಲನ್ನೇ ಚಿಕ್ಕದು ಮಾಡಿ ಇಟ್ಟ ಹಾಗಿತ್ತು.

ರಜೆ ಮುಗಿಸಿ ಬಂದ ದಿನವೇ ಗೋದಾಬಾಯಿ ಟ್ಯೂಬಿಗೆ ಬರೀ ನೀರು ಹಾಕಿ ನೋಡಿದರು. ನೀಲಿ ಬಂತು. ಇನ್ನೊಂದು, ನೀಲಿ. ನನ್ನ ಕಡೆ ತಿರುಗಲೂ ಇಲ್ಲ, ನೇರವಾಗಿ ವಿಶ್ವನಾಥನ ಕೋಣೆಗೆ ಹೋದರು.

"ನನ್ನ ಟ್ಯೂಬು ಕೆಟ್ಟಿದೆ. ಈ ಹತ್ತು ದಿನ ಯಾರದಾದರೂ ಫಾಸ್ಫರಸ್ ಮಾಡಿದಿರಾ?"

"ಒಂದೂ ಇಲ್ಲ ಮೇಡಂ. ನೀವು ಹೇಳಿದ ಮೇಲೆ ಮಾಡ್ತೀವಾ?"

ನಾನು ಬಾಗಿಲ ಹತ್ತಿರ ಟ್ಯೂಬಿನ ಬುಟ್ಟಿ ಹಿಡಿದು ನಿಂತಿದ್ದೆ. ಒಂದು ಮಾತು ಹೇಳಿದ್ದರೆ ಆ ಮಗುವನ್ನು ಅದೇ ವಾರ ಮತ್ತೆ ಕರೆಸಬಹುದಿತ್ತು. ಹೇಳಲಿಲ್ಲ. ಗೋದಾಬಾಯಿ ಟ್ಯೂಬುಗಳನ್ನು ಮತ್ತೆ ಆ್ಯಸಿಡ್ಡಿಗೆ ಹಾಕಿಸಿದರು. ನಾನು ಮತ್ತೆ ಆರು ಸಲ, ಮೂರು ಸಲ ತೊಳೆದೆ.

ಎಂಟು ತಿಂಗಳಾದ ಮೇಲೆ ಆ ತಂದೆ ಬಂದ. ಹೆಸರು ರಘು, ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಕೆಲಸ, ಊರು ಹಾಸನದ ಕಡೆ. ಜೊತೆಗೆ ಮಗುವಿನ ಡಾಕ್ಟರೂ ಇದ್ದರು. ನಮ್ಮ ರಿಪೋರ್ಟಿನಲ್ಲಿ ಫಾಸ್ಫರಸ್ ನಾಲ್ಕೂ ಮುಕ್ಕಾಲು, ಸರಿಯಾಗಿದೆ ಎಂದು ಬರೆದಿತ್ತು. ಅದನ್ನು ನಂಬಿ ಡಾಕ್ಟರು ಎಂಟು ತಿಂಗಳು ಬೇರೆ ಔಷಧಿ, ಬೇರೆ ಸೂಜಿ ಕೊಟ್ಟಿದ್ದರು. ಈಗ ಇನ್ನೊಂದು ಕಡೆ ನೋಡಿಸಿದರೆ ಫಾಸ್ಫರಸ್ ಎರಡರಷ್ಟೂ ಇರಲಿಲ್ಲ. ಮಗು ಈಗ ನಡೆಯುತ್ತಲೇ ಇರಲಿಲ್ಲ.

ವಿಶ್ವನಾಥ ರಿಪೋರ್ಟನ್ನು ಬೆಳಕಿಗೆ ಹಿಡಿದು ನೋಡಿದ. ಕೆಳಗಿನ ಸಹಿಯ ಮೇಲೆ ಬೆರಳಿಟ್ಟ.

"ನೋಡಿ, ಇದು ನಮ್ಮ ಮೇಡಂ ಸಹಿ. ವಯಸ್ಸಾಯ್ತು, ಕಣ್ಣು ಮಂಜು. ನಾನು ನಂಬಿ ಬಿಟ್ಟಿದ್ದೆ. ಇವತ್ತೇ ಇವರನ್ನ ತೆಗೀತೀನಿ."

ಗೋದಾಬಾಯಿ ತಾರೀಖು ಓದಿದರು. ತಾವು ಮಂತ್ರಾಲಯದಲ್ಲಿದ್ದ ದಿನ. ಬಾಯಿ ತೆರೆಯುವಷ್ಟರಲ್ಲಿ ರಘು ಅವರ ಎದುರು ನಿಂತ.

"ಏನಮ್ಮಾ, ನಿಮ್ಮ ಕಾಲೇ ಹಿಂಗಿದೆ. ಇನ್ನೊಂದು ಮಗೂಗೆ ಹಿಂಗ್ ಮಾಡೋಕೆ ಮನಸ್ಸಾದ್ರೂ ಹೆಂಗ್ ಬಂತು?"

ಗೋದಾಬಾಯಿ ಮಗುವನ್ನು ನೋಡಿದರು. ವಿಶ್ವನಾಥನನ್ನು ನೋಡಿದರು. ಆಮೇಲೆ ಬುಟ್ಟಿ ಹಿಡಿದು ನಿಂತಿದ್ದ ನನ್ನನ್ನು ಬಹಳ ಹೊತ್ತು ನೋಡಿದರು. ತಮ್ಮ ಊಟದ ಡಬ್ಬಿ ತೆಗೆದುಕೊಂಡು ತೂಗುತ್ತಾ ಮೆಟ್ಟಿಲಿಳಿದರು.

ಒಂದು ವಾರಕ್ಕೆ ನನ್ನ ಕೋಣೆಯ ಬಾಗಿಲು ತಟ್ಟಿದರು. ಚಾಪೆ ಹಾಸಿದೆ, ಕೂರಲಿಲ್ಲ. ನೀರು ಕೊಡಲು ಹೋದೆ, ಕೈ ಅಡ್ಡ ಮಾಡಿದರು.

"ನೀನು ಸೋಪಿನಲ್ಲಿ ತೊಳೆದೆ. ಗೊತ್ತು. ನಾನು ಕೇಳಿದಾಗ ಬಾಯಿ ಮುಚ್ಚಿಕೊಂಡಿದ್ದೆ. ಅದೂ ಗೊತ್ತು."

"ತಪ್ಪಾಯ್ತು ಅಮ್ಮಾವ್ರೆ. ಕೆಲಸ ಹೋಗ್ತದೆ ಅಂತ..."

"ನಿನ್ನ ಸರದಿ ಆಮೇಲೆ. ಮೊದಲು ಅವನು. ನನ್ನ ಸಹಿ ಹಾಕಿಸಿಕೊಂಡು ಒಂದು ಮಗೂನ ಕಾಲು ಮುರಿದ. ಆ ರಿಪೋರ್ಟು ಸುಳ್ಳು, ಸುಳ್ಳು ಮಾಡಿದ್ದು ನಾನೇ ಅಂತ ಅವನ ಬಾಯಿಂದ ಬರಬೇಕು. ಎಲ್ಲಾ ಡಾಕ್ಟರುಗಳ ಎದುರಿಗೆ. ಅಲ್ಲೀವರೆಗೂ ನನಗೆ ಅನ್ನ ಸೇರಲ್ಲ."

"ಪೋಲೀಸಿಗೆ ಹೋಗೋಣ ಅಮ್ಮಾವ್ರೆ."

"ಪೋಲೀಸಿಗೇನು ಗೊತ್ತು ಫಾಸ್ಫರಸ್ಸು? ಅವನು ಈಗ ಹೇಗೆ ತೊಳೆಸ್ತಿದಾನೆ?"

"ಎಲ್ಲಾ ಸೋಪೇ. ಆ್ಯಸಿಡ್ ಜಾಡೀನೇ ಇಲ್ಲ. ನಿಮ್ಮ ಸ್ಟ್ಯಾಂಡಿನ ಮೇಲೆ ಕಾಫಿ ಲೋಟ ಒಣಗಿಸ್ತಾರೆ."

ಆಗ ಅವರು ನಕ್ಕರು. ಮೂರು ವರ್ಷದಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಂತ್ರಾಲಯಕ್ಕೆ ಹೋದಾಗ ತಂದ ಕೇಸರಿಯ ಡಬ್ಬಿ ಅವರ ಮನೆಯಲ್ಲಿತ್ತು. ಬಟ್ಟಿ ಇಳಿಸಿದ ನೀರಿಗೆ ಒಂದು ಎಳೆ ಕೇಸರಿ ಹಾಕಿದರೆ, ರಕ್ತವನ್ನು ಮಿಷನ್ನಿನಲ್ಲಿ ಗರಗರ ತಿರುಗಿಸಿ ಮೇಲೆ ತೇಲಿದ ತಿಳಿಯನ್ನು ತೆಗೆದಿಟ್ಟ ಹಾಗೇ ಕಾಣುತ್ತದೆ. ಪರೀಕ್ಷೆಗೆ ಹಾಕುವುದು ಆ ತಿಳಿಯನ್ನೇ. ಸುತ್ತಮುತ್ತಲ ಚಿಕ್ಕ ಕ್ಲಿನಿಕ್ಕುಗಳಿಂದ ಅಂಥ ತಿಳಿ ತುಂಬಿದ ಟ್ಯೂಬುಗಳು ಚೀಟಿ ಸಮೇತ ಬರುತ್ತಿದ್ದವು. ಅವನ್ನು ಇಸಿದುಕೊಂಡು ಒಳಗೆ ಇಡುವವಳು ನಾನೇ. ಒಂದೇ ಬಾಟಲಿಯ ನೀರನ್ನು ಗೋದಾಬಾಯಿ ಮೂರು ಟ್ಯೂಬಿಗೆ ತುಂಬಿ, ಮೂರು ಚೀಟಿ ಬರೆದುಕೊಟ್ಟರು. ಅಪ್ಪಾಜಿ, ಗಂಡು, ಅರವತ್ತೆಂಟು. ಜಯಲಕ್ಷ್ಮಮ್ಮ, ಹೆಣ್ಣು, ಐವತ್ತು. ವಾಸಂತಿ, ಹೆಣ್ಣು, ಒಂಬತ್ತು.

"ಯಾರಮ್ಮಾ ಇವರು?"

"ನಮ್ಮಪ್ಪ, ನಮ್ಮಮ್ಮ, ನಮ್ಮಕ್ಕ. ಮೂವರೂ ಹೋಗಿ ವರ್ಷಗಳಾದವು, ಹೋದಾಗಿನ ವಯಸ್ಸೇ ಬರೆದಿದ್ದೀನಿ. ಅವರಿಗೇನಾದರೂ ಬೇಸರವಾದರೆ ನಾನು ಮೇಲೆ ಹೋದಾಗ ಸಮಾಧಾನ ಹೇಳ್ತೀನಿ."

ಮೂರು ದಿನ, ದಿನಕ್ಕೊಂದರಂತೆ ಒಳಗಿಟ್ಟೆ. ಒಳಗೊಳಗೇ ಒಂದು ಥರದ ಸಂತೋಷವಿತ್ತು, ಸುಳ್ಳೇಕೆ ಹೇಳಲಿ. ರಿಪೋರ್ಟುಗಳು ಬಂದವು. ಅಪ್ಪಾಜಿಯ ರಕ್ತದಲ್ಲಿ ಎರಡೂವರೆ. ಜಯಲಕ್ಷ್ಮಮ್ಮನ ರಕ್ತದಲ್ಲಿ ನಾಲ್ಕು. ವಾಸಂತಿಗೆ ಆರು. ಬರೀ ನೀರು ಅದು, ಸರಿಯಾಗಿ ಮಾಡಿದ್ದರೆ ಮೂರೂ ಸೊನ್ನೆ ಬರಬೇಕಿತ್ತು. ಮೂರರಲ್ಲೂ ಕೆಳಗೆ 'ಸರಿಯಾಗಿದೆ' ಎಂದು ಮುದ್ರೆ. ಗೋದಾಬಾಯಿಯ ಹೆಸರು ಹೋಗಿ ಈಗ ವಿಘ್ನೇಶನ ಸಹಿ ಇತ್ತು. ವಿಶ್ವನಾಥ ತಾನು ಎಲ್ಲೂ ಸಹಿ ಹಾಕುತ್ತಿರಲಿಲ್ಲ. ಅದು ಅವನ ಜಾಣತನ.

ಅದೇ ತಿಂಗಳು ಲ್ಯಾಬು ಶುರುವಾಗಿ ಹತ್ತು ವರ್ಷವಾಯಿತೆಂದು ವಿಶ್ವನಾಥ ವಡಪಳನಿಯ ಒಂದು ಕಲ್ಯಾಣಮಂಟಪದಲ್ಲಿ ಡಾಕ್ಟರುಗಳಿಗೆ ಊಟ ಹಾಕಿಸಿದ. ಐವತ್ತು ಅರವತ್ತು ಡಾಕ್ಟರುಗಳು ಬಂದಿದ್ದರು. ನವ್ಯಾಳ ಡಾಕ್ಟರನ್ನೂ ಅವನು ಕಾಲು ಹಿಡಿದು ಕರೆಸಿದ್ದ. ವಿಶ್ವನಾಥ ಮೈಕು ಹಿಡಿದು ನಮ್ಮ ಲ್ಯಾಬು, ನಮ್ಮ ನಂಬಿಕೆ ಎಂದು ಹೇಳುತ್ತಿದ್ದಾಗ ಗೋದಾಬಾಯಿ ನಡುವಿನ ಹಾದಿಯಲ್ಲಿ ತೂಗುತ್ತಾ ಬಂದರು. ಹಸಿರು ರೇಷ್ಮೆ ಸೀರೆ, ಒಂದು ಕೈಯಲ್ಲಿ ಬಾಟಲಿ, ಒಂದು ಕೈಯಲ್ಲಿ ಮೂರು ಕಾಗದ.

ತಮಿಳಿನಲ್ಲಿ, ಒಂದು ಚೂರೂ ದನಿ ಏರಿಸದೆ ಕೇಳಿದರು: ಈ ಮೂವರೂ ನಮ್ಮ ಮನೆಯವರು. ನಮ್ಮಪ್ಪ ಸತ್ತೇ ಇಪ್ಪತ್ತು ವರ್ಷ. ಅವರಿಗೆ ಹೋದ ವಾರ ಫಾಸ್ಫರಸ್ ಎರಡೂವರೆ ಇತ್ತಂತೆ. ಎಲ್ಲಿಂದ ರಕ್ತ ತೆಗೆದಿರಿ?

ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಕಾಗದಗಳು ಕೈಯಿಂದ ಕೈಗೆ ಹೋದವು. ಗೋದಾಬಾಯಿ ಬಾಟಲಿಯ ಮುಚ್ಚಳ ತೆಗೆದು, ಮೂವರ ಚೀಟಿಯಲ್ಲೂ ಕಳಿಸಿದ್ದು ಇದನ್ನೇ ಎಂದು, ಎಲ್ಲರೂ ನೋಡುತ್ತಿದ್ದಂತೆ ಆ ನೀರನ್ನು ಗಟಗಟ ಕುಡಿದರು. ಕೇಸರಿ ಎಂದು ತಿಳಿಯದ ಒಬ್ಬ ಹೆಂಗಸು ಕಿರುಚಿದಳು.

"ಈ ಅಮ್ಮನಿಗೆ ತಲೆ ಸರಿಯಿಲ್ಲ. ಕೆಲಸದಿಂದ ತೆಗೆದ ಕೋಪ" ಎಂದ ವಿಶ್ವನಾಥ. ಎಲೆ ಎತ್ತಲು ಬಂದು ನಿಂತಿದ್ದ ನನ್ನನ್ನು ನೋಡಿದ. "ಬೇಕಾದ್ರೆ ನಮ್ಮ ಆಯಮ್ಮನ್ನೇ ಕೇಳಿ. ಹೇಳಿ ಆಯಮ್ಮಾ, ಟ್ಯೂಬು ಹೇಗೆ ತೊಳೀತೀರಿ?"

ಅವನು ನನ್ನ ಬಾಯಿಗೆ ಅಷ್ಟು ದಿನದಿಂದ ಬೀಗ ಹಾಕಿದ್ದನಲ್ಲ, ಬೀಗ ಅಲ್ಲೇ ಇದೆ ಎಂದುಕೊಂಡಿದ್ದ.

"ನೀವ್ ಹೇಳ್ದಂಗೆ ಸಾಮಿ. ಸೋಪಿನ ಪುಡೀಲಿ. ಆ ಅಂಬತ್ತೂರಿನ ಮಗು ಬಂದಾಗ್ಲೂ ಹಂಗೇ ತೊಳ್ದಿದ್ದೆ. ಗೋದಾಬಾಯೋರು ಊರಲ್ಲೇ ಇರ್ಲಿಲ್ಲ."

ನವ್ಯಾಳ ಡಾಕ್ಟರು ಮೂರು ರಿಪೋರ್ಟುಗಳನ್ನೂ ಮಡಿಸಿ ಜೇಬಿಗಿಟ್ಟುಕೊಂಡು ಎದ್ದರು. ಅವರ ಹಿಂದೆ ಮಿಕ್ಕವರೂ ಎದ್ದರು. ಬಡಿಸಿದ ಪಾಯಸ ಎಲೆಯಲ್ಲೇ ಉಳಿಯಿತು. ಗೋದಾಬಾಯಿ ವಿಶ್ವನಾಥನ ಎದುರಿಗೆ ಹೋಗಿ ನಿಂತರು.

"ಹೇಳು. ಒಂದು ಸಲ ಹೇಳಿಬಿಡು. ನಾನು ಹೋಗ್ತೀನಿ."

ಅವನು ಮೈಕು ಕೆಳಗಿಟ್ಟ. ಅಡುಗೆಮನೆಯ ಬಾಗಿಲಿನಿಂದ ಹೊರಟುಹೋದ.

ಬೀದಿಗೆ ಬಂದ ಮೇಲೆ ನಾನು ಅವರ ಮುಖ ನೋಡಿದೆ, ಒಂದು ಒಳ್ಳೆಯ ಮಾತಿಗಾಗಿ. "ಹೇಳಿದ್ದು ಸರಿ. ಎಂಟು ತಿಂಗಳು ತಡ" ಎಂದರು, ಅಷ್ಟೇ.

ಆಡಿ ತಿಂಗಳಿಗೆ, ನಮ್ಮ ಆಷಾಢಕ್ಕೆ, ಲ್ಯಾಬಿನ ಷಟರು ಇಳಿಯಿತು. ನನಗೆ ಕೆಲಸ ಹೋಗಿತ್ತು. ಗೋದಾಬಾಯಿ ಕೋಡಂಬಾಕ್ಕಂನಲ್ಲಿ ತಾವೊಬ್ಬರೇ ಇದ್ದ ಬಾಡಿಗೆ ಮನೆಯಲ್ಲೇ ಜೊತೆಗಿರಲು ಹೇಳಿದರು. ಅಡುಗೆಮನೆಗೆ ಮಾತ್ರ ಬಿಡಲಿಲ್ಲ. ಡಾಕ್ಟರಿಂದ ನಿಜ ತಿಳಿದು ರಘು ಬಂದು ಅವರ ಕಾಲು ಮುಟ್ಟಿದ. "ನನ್ನ ಕಾಲು ಬೇಡ, ಮಗೂ ಕಾಲು ನೋಡು" ಎಂದರು. ನವ್ಯಾಳಿಗೆ ಈಗ ಸರಿಯಾದ ಔಷಧಿ ಸಿಕ್ಕಿತ್ತು. ಫಾಸ್ಫರಸ್ಸಿನ ನೀರು, ದಿನಕ್ಕೆ ಐದು ಸಲ. ಪ್ರತಿ ಶನಿವಾರ ನಾವಿಬ್ಬರೂ ಎರಡು ಬಸ್ಸು ಬದಲಾಯಿಸಿ ಅಂಬತ್ತೂರಿಗೆ ಹೋಗುತ್ತಿದ್ದೆವು. ಮಗು "ಕಸಕ್ಕುದು ಪಾಟಿ" ಎಂದು, ಕಹಿ ಅಜ್ಜೀ ಎಂದು, ಬಾಯಿ ಮುಚ್ಚಿಕೊಳ್ಳುತ್ತಿತ್ತು.

"ಕುಡಿ. ನಿನ್ನ ಕಾಲು ನೆಟ್ಟಗಾದ ದಿನ ಒಬ್ಬನಿಗೆ ಹೊಟ್ಟೆ ಉರೀಬೇಕು. ಅವನಿಗೋಸ್ಕರ ಕುಡಿ."

ಕಾಲು ಮುಕ್ಕಾಲು ನೆಟ್ಟಗಾಯಿತು. ಉಳಿದ ಕಾಲುಭಾಗ ಹಾಗೇ ನಿಂತಿತು. ಆ ಎಂಟು ತಿಂಗಳು ಅದರಲ್ಲಿ ಉಳಿದುಕೊಂಡಿವೆ ಎಂದು ಗೋದಾಬಾಯಿ ಹೇಳುತ್ತಿದ್ದರು. ಹೇಳುವಾಗ ನನ್ನ ಕಡೆಗೂ ಒಂದು ಸಲ ನೋಡುತ್ತಿದ್ದರು.

೨೦೦೬ರಲ್ಲಿ ಬಚ್ಚಲಲ್ಲಿ ಬಿದ್ದು ಅವರ ಸೊಂಟದ ಮೂಳೆ ಮುರಿಯಿತು. ಆ ಮೂಳೆ ಕೂಡುವುದಿಲ್ಲವೆಂದು ಅವರಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಎದೆಯಲ್ಲಿ ಕಫ ಕಟ್ಟಿತು. ನೋಡಲು ಬಂದ ರಘು ಮನಸ್ಸಿಲ್ಲದ ಮನಸ್ಸಿನಿಂದ ಜೇಬಿನಿಂದ ಒಂದು ಕರಪತ್ರ ತೆಗೆದ. ಶೋಳಿಂಗನಲ್ಲೂರಿನಲ್ಲಿ ಹೊಸ ಲ್ಯಾಬು. ಕಂಪ್ಯೂಟರ್ ಆಫೀಸಿನವರಿಗೆಲ್ಲ ಒಂದೇ ಬೆಳಗ್ಗೆ ಅರವತ್ತು ಪರೀಕ್ಷೆ. ಹೆಸರು ಬೇರೆ, ಚಿತ್ರದಲ್ಲಿ ನಗುತ್ತಿದ್ದವನು ವಿಶ್ವನಾಥನೇ. ಕೂದಲಿಗೆ ಬಣ್ಣ ಹಚ್ಚಿದ್ದ. ಈ ಸಲ ರಿಪೋರ್ಟಿಗೆ ತಾನೇ ಸಹಿ ಹಾಕುವುದಾಗಿ ಕೆಳಗೆ ಅಚ್ಚು ಹಾಕಿಸಿದ್ದ.

ಗೋದಾಬಾಯಿ ಕರಪತ್ರವನ್ನು ಎದೆಯ ಮೇಲಿಟ್ಟುಕೊಂಡು ಆ ಮಧ್ಯಾಹ್ನವೆಲ್ಲ ಮಲಗಿದ್ದರು. ಸಂಜೆ ನಾನು ದೀಪ ಹಚ್ಚಿ ಬಂದಾಗ ಕಣ್ಣು ತೆರೆದರು.

"ಶಿವಲಿಂಗಮ್ಮ, ಈಗ ನಿನ್ನ ಸರದಿ."

ಐದು ವರ್ಷದಿಂದ ಆ ಮಾತಿಗೆ ಕಾದಿದ್ದೆ. ಹತ್ತಿರ ಕುಳಿತೆ.

"ಅಡುಗೆಮನೆಗೆ ಹೋಗು. ಮೇಲಿನ ಹಲಗೇಲಿ ಕೇಸರಿ ಡಬ್ಬಿ ಇದೆ, ಒಂದು ಎಳೆ ಮಿಕ್ಕಿದೆ. ಪಕ್ಕದಲ್ಲಿ ನನ್ನ ಒಂದು ಟ್ಯೂಬಿದೆ, ಕೆಂಪು ಉಂಗುರದ್ದು. ಹೇಗೆ ತೊಳೀಬೇಕು ಗೊತ್ತಲ್ಲ?"

"ಆರು ಸಲ, ಮೂರು ಸಲ."

"ಸೋಪು ಸೋಕಬಾರದು."

"ಸೋಕಲ್ಲ ಅಮ್ಮಾವ್ರೆ."

"ಕೇಸರಿ ನೀರು ತುಂಬಿ ಅವನ ಲ್ಯಾಬಿಗೆ ಹೋಗು, ಕೌಂಟರಿನಲ್ಲಿ ಎಲ್ಲಾ ಹೊಸಬರು, ನಿನ್ನ ಗುರುತು ಸಿಗಲ್ಲ. ಈಗ ಎಲ್ಲಾ ದೊಡ್ಡ ಮಿಷನ್ನಂತೆ. ಮಿಷನ್ನಿಗೆ ಹಾಕಿದರೆ ಅದು ಸೊನ್ನೆ ಅನ್ನತ್ತೆ. ಸೊನ್ನೆ ಅಂತ ಬರೆದುಕೊಟ್ಟರೆ ಕೈ ಮುಗಿದು ಬಂದುಬಿಡು, ಅವನನ್ನ ಬಿಟ್ಟೆ. ಹಾಕದೇನೇ ಏನಾದರೂ ಬರೆದುಕೊಟ್ಟ ಅಂದರೆ, ಆ ಕಾಗದಾನ ನವ್ಯಾ ಡಾಕ್ಟರ ಕೈಗೆ ಕೊಡು. ಅವರು ಸುಮ್ಮನಿರೋರಲ್ಲ."

"ಚೀಟಿ ಮೇಲೆ ಯಾರ ಹೆಸರು ಬರೀಲಿ? ನಿಮ್ಮ ತಂದೆಯೋರದಾ?"

"ಬೇಡ. ಅವರದಾಯ್ತು. ಗೋದಾಬಾಯಿ ಅಂತ ಬರಿ. ಹೆಣ್ಣು, ಅರವತ್ತು." ಉಸಿರು ಎಳೆದುಕೊಂಡರು. "ಇವತ್ತು ನಾಳೆ ಹೋಗಬೇಡ. ನನ್ನ ಹದಿಮೂರನೇ ದಿನ ಕಳೀಲಿ. ಆಮೇಲೆ ಹೋಗಿ, ಸತ್ತವಳ ರಕ್ತದಲ್ಲಿ ಎಷ್ಟಿದೆ ಅಂತ ಅವನ ಸಹಿ ಹಾಕಿಸಿಕೊಂಡು ಬಾ."